ಎರಡೂ ಮೊಣಕೈ ಸಮ

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ನೀಲಿ ಬಣ್ಣದ ಐಸ್ ಡಬ್ಬಿಯಿಂದ. ಕೊಪ್ಪಳದ ನಮ್ಮ ಕಚೇರಿಯಲ್ಲಿ ಡಾಕ್ಟರ್ ಮೇಡಂ ಅದನ್ನು ಮೇಜಿನ ಮೇಲಿಟ್ಟು, ಇದರ ಜವಾಬ್ದಾರಿ ಇನ್ನು ಇವರದು ಎಂದು ನನ್ನ ಗೆಳೆಯನ ಕಡೆ ಕೈ ತೋರಿಸಿದರು. ಡಬ್ಬಿಯ ಹಿಂದೆ ಜೀಪು ಬಂತು, ಜೀಪಿನ ಹಿಂದೆ ಡ್ರೈವರ್ ಬಂದ. ನನಗೆ ಬಂದದ್ದು ಒಂದು ಕಟ್ಟು ಕಾರ್ಡು. ಓಡಾಡಲು ನನ್ನ ಹಳೆಯ ಮೊಪೆಡ್ ಇದ್ದೇ ಇತ್ತು.

ನಾವಿಬ್ಬರೂ ಮನೆ ಮನೆಗೆ ಹೋಗಿ ಕುಷ್ಠರೋಗ ಹುಡುಕುವ ಕೆಲಸದವರು. ಅವನು ಗಂಗಾವತಿ ಕಡೆಯವನು, ನಾನು ಯಲಬುರ್ಗಾದವನು. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಹೊಸತರಲ್ಲಿ ಒಂದೇ ತರಬೇತಿಯಲ್ಲಿ ಕಲಿತೆವು. ಈ ರೋಗದಲ್ಲಿ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಹುಡುಕಬೇಕು, ನರ ದಪ್ಪವಾಗಿದೆಯೋ ಎಂದು ಮುಟ್ಟಿ ನೋಡಬೇಕು. ಮೊಣಕೈ ಹಿಂದೆ ಎರಡು ಎಲುಬಿನ ನಡುವಿನ ಸಂದಿಯಲ್ಲಿ ಒಂದು ನರ ಹಾದುಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದರೆ ಕಿರುಬೆರಳವರೆಗೆ ಜುಮ್ ಎನ್ನುತ್ತದೆ. ಆರೋಗ್ಯವಂತರಲ್ಲಿ ಅದು ಸೆಣಬಿನ ಹುರಿಯಷ್ಟು ಇರುತ್ತದೆ, ರೋಗ ಹಿಡಿದರೆ ಪೆನ್ಸಿಲಿನಷ್ಟಾಗುತ್ತದೆ. ತರಬೇತಿಯಲ್ಲಿ ನನ್ನ ಗೆಳೆಯನಿಗೆ ಆ ನರ ಕೈಗೆ ಸಿಗುತ್ತಲೇ ಇರಲಿಲ್ಲ. ಪರೀಕ್ಷೆಯ ಹಿಂದಿನ ವಾರ ನಾನೇ ನನ್ನ ಮೊಣಕೈ ಕೊಟ್ಟು, ಹಿಡಿ, ಇಲ್ಲಿ ಉರುಳುತ್ತದಲ್ಲ ಅದೇ ನೋಡು ಎಂದು ಕಲಿಸಿದೆ. ವಾರವಿಡೀ ನನ್ನ ಕಿರುಬೆರಳು ಜುಮುಗುಟ್ಟುತ್ತಿತ್ತು. ಅವನು ಪಾಸಾದ.

ಹದಿನೇಳು ವರ್ಷವಾದ ಮೇಲೆ ಅದೇ ಗೆಳೆಯನಿಗೆ ಡಬ್ಬಿ ಹೋಯಿತು. ಅವನಿಗೆ ಕಂಪ್ಯೂಟರ್ ಬರುತ್ತಿತ್ತು, ಇಂಗ್ಲಿಷು ತಕ್ಕಮಟ್ಟಿಗೆ ಬರುತ್ತಿತ್ತು. ನನಗೆ ಮೊಣಕೈ ಬರುತ್ತಿತ್ತು.

ಡಬ್ಬಿಯಲ್ಲಿ ಇದ್ದದ್ದು ಬೆರಳುದ್ದದ ಪರೀಕ್ಷಾ ಪಟ್ಟಿಗಳು. ಮೇಡಂ ಅವುಗಳ ಹಿಂದಿನ ಕಥೆಯನ್ನು ತಾಳ್ಮೆಯಿಂದ ವಿವರಿಸಿದರು. ಕುಷ್ಠದ ರೋಗಾಣು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಅಮೆರಿಕದ ಕಡೆ ಆರ್ಮಡಿಲೊ ಎಂಬ ಚಿಪ್ಪಿನ ಪ್ರಾಣಿಯೊಂದಿದೆ, ಅದರ ಮೈ ನಮ್ಮದಕ್ಕಿಂತ ತಣ್ಣಗೆ, ಹಾಗಾಗಿ ಅದರೊಳಗೆ ರೋಗಾಣು ಚೆನ್ನಾಗಿ ಬೆಳೆಯುತ್ತದೆ. ವಿಜ್ಞಾನಿಗಳು ಅದಕ್ಕೆ ರೋಗ ಹಚ್ಚಿ, ಆಗಾಗ ರಕ್ತ ತೆಗೆದು ನೋಡಿದರು. ಕಾಲಿನ ನರ ಕೆಡುವುದಕ್ಕೆ ಎಷ್ಟೋ ಮೊದಲೇ ಅದರ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಅಂಶ ಏರುತ್ತಿತ್ತು. ರೋಗಾಣುವಿನ ಯಾವ ಭಾಗವನ್ನು ಆ ಅಂಶ ಮೊದಲು ಗುರುತು ಹಿಡಿಯುತ್ತದೋ ಆ ಭಾಗವನ್ನೇ ಪಟ್ಟಿಗೆ ಲೇಪಿಸಿದ್ದರು. ಮನುಷ್ಯನ ಬೆರಳಿನ ಒಂದು ಹನಿ ರಕ್ತ ಹಾಕಿದಾಗ ಎರಡನೆಯ ಗೆರೆ ಮೂಡಿದರೆ, ಮೈ ಒಳಗೊಳಗೇ ಕಾದಾಡುತ್ತಿದೆ ಎಂದು ಅರ್ಥ.

ಕಥೆ ನನಗೆ ಪೂರ್ತಿ ತಿಳಿಯಿತು, ತಿಳಿದದ್ದರಿಂದಲೇ ಉರಿ ಹೆಚ್ಚಾಯಿತು. ನಾನು ಮುಟ್ಟಿದ ಸಾವಿರಾರು ಮೊಣಕೈಗಳಿಗಿಂತ, ಕಂಡು ಕೇಳರಿಯದ ಒಂದು ಪ್ರಾಣಿಯ ನೆತ್ತರು ಹೆಚ್ಚಾಯಿತಲ್ಲ ಎನ್ನಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನೇ. ಆವತ್ತಿನಿಂದ ಆರ್ಮಡಿಲೊವನ್ನು ನಾನು ಬೇಕೆಂದೇ ಹಂದಿ ಎಂದು ಕರೆಯತೊಡಗಿದೆ. ಗೆಳೆಯ ನಕ್ಕು ಸುಮ್ಮನಾಗುತ್ತಿದ್ದ, ಅದೂ ನನಗೆ ಸೇರುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಹಳೆಯ ರೋಗಿಗಳ ಮನೆಗೆ ಹೋಗಿ ಮನೆಮಂದಿಯನ್ನೆಲ್ಲ ನೋಡಬೇಕು. ಮೊದಲು ನಾನು ಅಂಗಳದ ಬಿಸಿಲಿನಲ್ಲಿ ತಪಾಸಣೆ ಮಾಡಿ ನನ್ನ ಕಾರ್ಡಿನಲ್ಲಿ ಬರೆಯಬೇಕು. ಆಮೇಲೆ ಅವನು ನೆರಳಿನಲ್ಲಿ ಕೂತು ಬೆರಳಿಗೆ ಚುಚ್ಚಿ, ಪಟ್ಟಿಯ ಫಲಿತಾಂಶವನ್ನು ತನ್ನ ಕಾರ್ಡಿನಲ್ಲಿ ಬರೆಯಬೇಕು. ಒಬ್ಬರದು ಒಬ್ಬರಿಗೆ ಹೇಳುವಂತಿಲ್ಲ. ತಿಂಗಳ ಕೊನೆಗೆ ಮೇಡಂ ಎರಡನ್ನೂ ಹೋಲಿಸುತ್ತಾರೆ. ಪಟ್ಟಿಯಲ್ಲಿ ಗೆರೆ ಮೂಡಿ, ನನ್ನ ಕೈಗೆ ಏನೂ ಸಿಗದವರನ್ನು ನಾನು ಮೂರು ತಿಂಗಳಿಗೊಮ್ಮೆ ತಲೆಯಿಂದ ಪಾದದವರೆಗೆ ಮತ್ತೆ ನೋಡಬೇಕು.

ಯಲಬುರ್ಗಾದಿಂದ ಕುಷ್ಟಗಿ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ಅಲ್ಲಿ ಒಬ್ಬ ಮುದುಕ, ವರ್ಷಗಳ ಹಿಂದೆ ರೋಗ ಬಲಿತ ಮೇಲೆ ನಮ್ಮ ಕೈಗೆ ಸಿಕ್ಕವನು. ಗುಳಿಗೆಯಿಂದ ರೋಗ ವಾಸಿಯಾಗಿತ್ತು, ಆದರೆ ಬೆರಳುಗಳು ಮುದುಡಿ ಕೂತಿದ್ದವು. ಮನೆಯಲ್ಲಿ ಅವನ ಹೆಂಡತಿ, ಕಿರಿಯ ಮಗ, ಸೊಸೆ. ಸೊಸೆ ಬೇರೆ ಯಾರೂ ಅಲ್ಲ, ಮುದುಕನ ಮಗಳ ಮಗಳು. ಚಿಕ್ಕಂದಿನಿಂದ ಅಜ್ಜನ ಮನೆಯಲ್ಲೇ ಬೆಳೆದು ಸೋದರಮಾವನನ್ನೇ ಮದುವೆಯಾಗಿದ್ದಳು. ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ಕುಬಸ ಹೊಲಿಯುತ್ತಿದ್ದಳು. ಅವಳ ಕೈಯ ಕುಬಸ ಎಂದರೆ ಅಳತೆ ಹೇಳಬೇಕಿಲ್ಲ ಎಂದು ಪಕ್ಕದ ಮನೆಯವರೇ ಹೇಳುತ್ತಿದ್ದರು.

ಆವತ್ತು ಜೀಪು ನಿಂತ ಕೂಡಲೇ ಮುದುಕಿ ಗೆಳೆಯನಿಗೆ ಕುರ್ಚಿ ಹಾಕಿದಳು. ಹದಿನೇಳು ವರ್ಷದಿಂದ ಆ ಮನೆಗೆ ಬರುತ್ತಿದ್ದ ನನಗೆ ಎಂದಿನ ಕಟ್ಟೆ. ಚಹಾ ಕೂಡ ಮೊದಲು ಅವನಿಗೇ ಹೋಯಿತು. ಇವರು ದೊಡ್ಡ ಡಾಕ್ಟರೇನ್ರಿ ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಾಗ, ಹೌದು, ಹಂದಿ ಡಾಕ್ಟರ್ ಎಂದು ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು.

ಸೊಸೆಯನ್ನು ಮುದುಕಿಯ ಎದುರೇ ನೋಡಿದೆ. ಕೈ, ಕಾಲು, ಬೆನ್ನು, ಮುಖ. ಎಲ್ಲೂ ಮಚ್ಚೆ ಇಲ್ಲ. ಎರಡೂ ಮೊಣಕೈಗಳನ್ನು ಒಟ್ಟಿಗೆ ಹಿಡಿದು ಕಣ್ಣು ಮುಚ್ಚಿದೆ. ಅದು ನನ್ನ ಪದ್ಧತಿ. ರೋಗ ಬಂದರೆ ಸಾಮಾನ್ಯವಾಗಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ, ಎಡ ಬಲ ಹೋಲಿಸಿದರೆ ಗೊತ್ತಾಗಿಬಿಡುತ್ತದೆ. ಇವಳದು ಎರಡೂ ಒಂದೇ ಇದ್ದವು. "ಮಚ್ಚೆ ಇಲ್ಲ. ಎರಡೂ ಮೊಣಕೈ ಸಮ" ಎಂದು ಬರೆದೆ. ಗೆಳೆಯ ಅವಳ ಬೆರಳಿಗೆ ಚುಚ್ಚಿ ಪಟ್ಟಿ ನೋಡುತ್ತ ಕೂತವನು ಯಾಕೋ ಬಹಳ ಹೊತ್ತು ತಲೆ ಎತ್ತಲಿಲ್ಲ.

ತಿಂಗಳ ಕೊನೆಗೆ ಕಾರಣ ತಿಳಿಯಿತು. ಅವಳ ಪಟ್ಟಿಯಲ್ಲಿ ಎರಡನೆಯ ಗೆರೆ ದಟ್ಟವಾಗಿ ಮೂಡಿತ್ತು. ಪಟ್ಟಿಯೇ ತಪ್ಪು ಎಂದು ನಾನು ಸಭೆಯಲ್ಲಿ ಹೇಳಿದೆ. ನನ್ನ ಅದೃಷ್ಟಕ್ಕೆ ಅದೇ ತಿಂಗಳು ಹನುಮಸಾಗರದ ಒಬ್ಬ ಕುರಿಗಾಹಿಯ ಬೆನ್ನ ಮೇಲೆ ಹತ್ತಿಯ ಎಳೆ ಮುಟ್ಟಿಸಿದರೂ ತಿಳಿಯದ ಮಚ್ಚೆ ನನ್ನ ಕೈಗೆ ಸಿಕ್ಕಿತ್ತು, ಪಟ್ಟಿಯಲ್ಲಿ ಮಾತ್ರ ಎರಡನೆಯ ಗೆರೆ ಇರಲಿಲ್ಲ. ಆ ಕಾರ್ಡನ್ನು ಮೇಜಿನ ಮೇಲೆ ಇಸ್ಪೀಟಿನ ಎಕ್ಕದ ಹಾಗೆ ಬಡಿದಿಟ್ಟೆ. ಮೇಡಂ ಸಿಟ್ಟಾಗಲಿಲ್ಲ. ರೋಗಾಣು ಕಡಿಮೆ ಇದ್ದವರ ರಕ್ತದಲ್ಲಿ ಈ ಅಂಶ ಏರುವುದಿಲ್ಲ, ಅಂಥವರು ನಿಮ್ಮ ಕೈಗೇ ಸಿಗಬೇಕು. ರೋಗಾಣು ತುಂಬಿದವರು ಮೊದಮೊದಲು ಕಣ್ಣಿಗೆ ಕಾಣುವುದಿಲ್ಲ, ಅಂಥವರಿಗೆ ಪಟ್ಟಿ ಬೇಕು, ಅದಕ್ಕೇ ನಿಮ್ಮಿಬ್ಬರನ್ನೂ ಕಳಿಸುತ್ತಿರುವುದು ಎಂದರು. ನಾನು ಮೊದಲ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ.

ಮೂರು ತಿಂಗಳಿಗೆ ಆ ಸೊಸೆಯನ್ನು ಮತ್ತೆ ನೋಡುವ ಸರದಿ ಬಂತು. ಹೊರಡುವ ಹೊತ್ತಿಗೆ ಕಚೇರಿಯಿಂದ ಫೋನು. ಹೈದರಾಬಾದಿನಲ್ಲಿ ಒಂದು ಸಭೆ ಇದೆ, ಪಟ್ಟಿಯ ಕೆಲಸದ ಬಗ್ಗೆ ಮಾತಾಡಲು ಗೆಳೆಯ ಹೋಗುತ್ತಾನೆ, ಅವನ ಊರುಗಳನ್ನೂ ನಾಲ್ಕು ದಿನ ನೀನೇ ನೋಡಿಕೋ ಎಂದು ಹೇಳಿದರು. ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತ ಹೋದೆ. ನರ ಎಲ್ಲಿದೆ ಎಂದು ನನ್ನ ಮೈ ಹಿಡಿದು ಕಲಿತವನು ಹೈದರಾಬಾದಿನಲ್ಲಿ ಮೈಕಿನ ಮುಂದೆ ನಿಲ್ಲುತ್ತಾನೆ. ನಾನು ಎರೆಮಣ್ಣಿನ ದಾರಿಯಲ್ಲಿ, ಅವನ ಪಟ್ಟಿ ಸರಿಯೋ ತಪ್ಪೋ ನೋಡುವ ಆಳು.

ಮನೆಯ ಮುಂದೆ ಮೊಪೆಡ್ ನಿಲ್ಲಿಸಿದೆ, ಇಳಿಯಲಿಲ್ಲ. ಸೊಸೆ ಬಾಗಿಲ ಬೆಳಕಿಗೆ ಯಂತ್ರ ಇಟ್ಟುಕೊಂಡು ಹೊಲಿಯುತ್ತಿದ್ದಳು. ಹೇಗಿದ್ದಾಳೆ ಎಂದು ಕೇಳಿದೆ. ಮುದುಕಿಗೆ ಸಂಭ್ರಮ.

"ಛಲೋ ಅದಾಳ್ರೀ. ಮಾರಿ ಮ್ಯಾಗ ಹೆಂಗ ಕಳಿ ಬಂದೈತಿ ನೋಡ್ರಿ, ಎಣ್ಣಿ ಹಚ್ಚಿದಂಗ."

ನೋಡಿದೆ. ನಿಜಕ್ಕೂ ಮುಖ ತುಂಬಿಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಇಂಥವಳಿಗೆ ರೋಗ ಅನ್ನುತ್ತದಲ್ಲ ಆ ಹಂದಿಯ ಪಟ್ಟಿ ಎಂದುಕೊಂಡೆ. ಕೂತಲ್ಲೇ ಕಾರ್ಡು ತೆಗೆದು ತೊಡೆಯ ಮೇಲಿಟ್ಟುಕೊಂಡು, "ಮೊದಲಿನಂತೆಯೇ. ಎರಡೂ ಮೊಣಕೈ ಸಮ" ಎಂದು ಬರೆದೆ. ಹದಿನೇಳು ವರ್ಷದಲ್ಲಿ ಮುಟ್ಟದೆ ಬರೆದದ್ದು ಅದೊಂದೇ ಸಲ. ಬರೆದು ಹೋಗುವಾಗ ನನಗೆ ಸಮಾಧಾನವೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮತ್ತೆ ಮೂರು ತಿಂಗಳು ಕಳೆದು ಹೋದಾಗ ಮನೆಯಲ್ಲಿ ಒಂದು ಸಣ್ಣ ಜಗಳ ನಡೆದಿತ್ತು. ಹುಣ್ಣಿಮೆಗೆ ಹುಲಿಗಿಗೆ ಹೋಗಬೇಕು, ಹುಲಿಗೆಮ್ಮನ ಮುಂದೆ ಸೊಸೆ ಕಿವಿಗೆ ಮದುವೆಯ ಬೆಂಡೋಲಿ ಹಾಕಿಕೊಂಡು ನಿಲ್ಲಬೇಕು ಎಂದು ಮುದುಕಿಯ ಹಟ. ಸೊಸೆ ಹಾಕಿಕೊಳ್ಳಲಾಗುವುದಿಲ್ಲ ಎನ್ನುತ್ತಾಳೆ. ಮುದುಕಿ ನನ್ನ ಹತ್ತಿರ ದೂರು ತಂದಳು.

"ತಿರುಪು ಹತ್ತವಲ್ದಂತ್ರಿ. ಯಲಬುರ್ಗಾದ ಪತ್ತಾರಗ ತೋರ್ಸಿದ್ರ, ವಾಲಿ ಬರೋಬ್ಬರಿ ಅದಾವ, ಕಿವಿನ ದಪ್ಪ ಆಗ್ಯಾವ, ದಂಟು ಉದ್ದ ಮಾಡಿಕೊಡ್ತೀನಿ ಅಂದಾನ."

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಕಿವಿಯ ಹಾಲೆ ದಪ್ಪವಾಗುವುದು, ಮುಖ ನುಣ್ಣಗಾಗಿ ಹೊಳೆಯುವುದು, ಮಚ್ಚೆಯೇ ಇಲ್ಲದಿರುವುದು. ಮೈತುಂಬ ರೋಗಾಣು ಹರಡಿದವರಲ್ಲಿ ರೋಗ ಶುರುವಾಗುವುದೇ ಹೀಗೆ. ತರಬೇತಿಯ ಎರಡನೆಯ ದಿನದ ಪಾಠ ಅದು. ನನಗೆ ಕಾಣದ್ದು ಒಡವೆ ಮಾಡುವ ಪತ್ತಾರನ ಕಣ್ಣಿಗೆ ಕಂಡಿತ್ತು. ನಾಚಿಕೆಯ ಮಾತು, ಒಂದು ಗಳಿಗೆ ನನಗೆ ಆ ಪತ್ತಾರನ ಮೇಲೂ ಹೊಟ್ಟೆಕಿಚ್ಚಾಯಿತು.

ಅವಳನ್ನು ಅಂಗಳದ ಬಿಸಿಲಿಗೆ ಕರೆದೆ. ಹಾಲೆಗಳು ನಾದಿದ ಕಣಕದ ಹಾಗೆ ಮೆತ್ತಗೆ, ದಪ್ಪಗೆ ಇದ್ದವು. ಹುಬ್ಬಿನ ಹೊರ ತುದಿಯ ಕೂದಲು ತೆಳುವಾಗಿತ್ತು. ಹತ್ತಿಯ ಎಳೆ ಮುಟ್ಟಿಸಿದಾಗ ಬಲಗೈ ಕಿರುಬೆರಳಿನ ತುದಿಯಲ್ಲಿ ಎರಡು ಸಲ ಹೇಳಿದಳು, ಒಂದು ಸಲ ಹೇಳಲಿಲ್ಲ. ಆ ಬೆರಳಿಗೆ ಸೂಜಿ ಚುಚ್ಚಿದರೆ ಈಚೆಗೆ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತದೆ ಎಂದಳು. ಮೊಣಕೈ ಹಿಡಿದೆ. ಎರಡೂ ಕಡೆ ಸಮ. ಆದರೆ ಎರಡೂ ಸಮನಾಗಿ ದಪ್ಪ ಇರಬಹುದಲ್ಲ? ಎಡ ಬಲ ಹೋಲಿಸಿ ಹೋಲಿಸಿ ಅಭ್ಯಾಸವಾಗಿದ್ದ ನನ್ನ ಬೆರಳಿಗೆ, ಒಂದೇ ನರ ಇದ್ದರೆ ಅದು ಎಷ್ಟಿರಬೇಕು ಎನ್ನುವುದೇ ಆ ಹೊತ್ತಿಗೆ ಮರೆತುಹೋಗಿತ್ತು. ಪಕ್ಕದವನ ಜೊತೆ ಹೋಲಿಸಿಯೇ ಬದುಕುವವನ ಕೈ ಹಾಗಲ್ಲದೆ ಹೇಗಿರುತ್ತದೆ.

ಅವಳು ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ನನ್ನ ಕೈನೂ ಮುತ್ಯಾನಂಗ ಆಗ್ತಾವೇನ್ರಿ?"

"ಇಲ್ಲವಾ. ಗುಳಿಗಿ ತಗೊಂಡ್ರ ಆಗಂಗಿಲ್ಲ" ಎಂದೆ. ಆರು ತಿಂಗಳ ಹಿಂದೆ, ಹೋಗಲಿ ಮೂರು ತಿಂಗಳ ಹಿಂದೆಯಾದರೂ ಹೇಳಿದ್ದರೆ ಆ ಮಾತು ಇನ್ನೂ ಗಟ್ಟಿಯಾಗಿರುತ್ತಿತ್ತು. ಕಿರುಬೆರಳಿಗೆ ಸ್ಪರ್ಶ ಹೋದರೆ ಮುಂದಿನದು ಉಂಗುರ ಬೆರಳು. ಅದೂ ಹೋದರೆ ಅವಳು ಬಟ್ಟೆ ಹಿಡಿದು ಸೂಜಿಯ ಕೆಳಗೆ ತಳ್ಳುವುದು ಹೇಗೆ?

ಊರು ದಾಟಿ ಬೇವಿನ ಮರದ ಕೆಳಗೆ ಮೊಪೆಡ್ ನಿಲ್ಲಿಸಿ ಕಾರ್ಡು ಹೊರತೆಗೆದೆ. ಚಿಕಿತ್ಸೆ ಹೇಗೂ ನಾಳೆಯೇ ಶುರುವಾಗುತ್ತದೆ, ಅದರಲ್ಲಿ ಯೋಚನೆ ಇರಲಿಲ್ಲ. ಯೋಚನೆ ಇದ್ದದ್ದು ಏನು ಬರೆಯಬೇಕು ಎನ್ನುವುದರಲ್ಲಿ. ಹೊಸದಾಗಿ ಲಕ್ಷಣ ಕಾಣಿಸಿಕೊಂಡಿದೆ ಎಂದು ಬರೆದರೆ ನನ್ನ ಮಾನ ಉಳಿಯುತ್ತದೆ. ಆದರೆ ಆಗ ಲೆಕ್ಕ ಏನಾಗುತ್ತದೆ? ಅನುಭವಿ ಕೈಗೆ ಎರಡು ಸಲ ಏನೂ ಸಿಗದಿದ್ದಾಗ ಪಟ್ಟಿ ಆರು ತಿಂಗಳು ಮೊದಲೇ ಹೇಳಿತ್ತು ಎಂದಾಗುತ್ತದೆ. ಗೆಳೆಯನಿಗೆ ಇನ್ನೊಂದು ಹೈದರಾಬಾದು. ನಿಜ ಬರೆದರೆ ನಾನು ಮುಳುಗುತ್ತೇನೆ, ಆದರೆ ಪಟ್ಟಿಯ ಆರು ತಿಂಗಳೂ ಅನುಮಾನಕ್ಕೆ ಬೀಳುತ್ತವೆ, ಯಾಕೆಂದರೆ ಸರಿಯಾಗಿ ನೋಡಿದ್ದರೆ ಕೈಯೇ ಹಿಡಿಯುತ್ತಿತ್ತೇನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಒಂದು ಮನಸ್ಸು. ಹೋದರೆ ಹೋಗಲಿ, ಅವನಿಗೆ ಪುಕ್ಕಟೆ ಹೆಸರು ಮಾತ್ರ ಬೇಡ ಎಂದು ಇನ್ನೊಂದು. ನಾನು ನಿಜ ಹೇಳಲು ಹೊರಟದ್ದು ಪೂರ್ತಿ ಒಳ್ಳೆಯತನದಿಂದಲ್ಲ. ಅರ್ಧ ಆ ಕಿರುಬೆರಳು, ಅರ್ಧ ಹೊಟ್ಟೆಕಿಚ್ಚು.

ಮೊಪೆಡ್ ತಿರುಗಿಸಿ ನೇರ ಕೊಪ್ಪಳಕ್ಕೆ ಹೋದೆ. ಮೇಡಂ ಮತ್ತು ಗೆಳೆಯ ಇಬ್ಬರ ಎದುರೇ ಹೇಳಿದೆ. ಮೊದಲ ಸಲ ಹೋಲಿಸಿ ಮೋಸ ಹೋದೆ, ಕಿವಿ ಹಿಡಿದು ನೋಡಲಿಲ್ಲ. ಎರಡನೆಯ ಸಲ ಮೊಪೆಡ್ಡಿನಿಂದ ಇಳಿಯಲೇ ಇಲ್ಲ. ಮೇಡಂ ಕಾರ್ಡು ನನ್ನ ಕಡೆ ಸರಿಸಿ, ಎರಡನೆಯ ಬರಹಕ್ಕೆ ಗೆರೆ ಹೊಡೆದು "ಮುಟ್ಟಿ ನೋಡಿಲ್ಲ" ಎಂದು ಬರೆದು ಸಹಿ ಮಾಡಿಸಿದರು. ನೋಟಿಸು ಬರುತ್ತದೆ, ಉತ್ತರ ಬರೆಯಬೇಕಾಗುತ್ತದೆ ಎಂದರು. ಗೆಳೆಯ ಹಂಗಿಸುತ್ತಾನೆ ಎಂದು ಕಾದೆ. ಅವನು ನಾಳೆ ಎಷ್ಟು ಗಂಟೆಗೆ ಹೊರಡೋಣ ಎಂದಷ್ಟೇ ಕೇಳಿದ. ಹಂಗಿಸಿದ್ದರೆ ಹಗುರಾಗುತ್ತಿತ್ತು.

ಮರುದಿನ ಮೂವರೂ ಜೀಪಿನಲ್ಲಿ ಹೋದೆವು. ಕಿವಿಯ ಹಾಲೆಯಿಂದ ಮಾದರಿ ತೆಗೆಯುವ ಕೆಲಸವನ್ನು ಮೇಡಂ ನನಗೇ ಬಿಟ್ಟರು. ರಕ್ತ ಸರಿಯುವಂತೆ ಹಾಲೆಯನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದು, ಬ್ಲೇಡಿನಿಂದ ಸಣ್ಣದಾಗಿ ಸೀಳಿ, ಒಳಗಿನ ತಿರುಳನ್ನು ಕೆರೆದು ಗಾಜಿನ ಮೇಲೆ ಬಳಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಒಂದು ಸಲವೂ ನರಳಲಿಲ್ಲ. ಆಮೇಲೆ ಮೇಡಂ ನರದ ಅಳತೆ ಬೇಕು, ಸಮ ಅನ್ನುವುದು ಸಾಲದು ಎಂದರು. ನಾನು ಮೊಣಕೈ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ಹೇಳಲು ಧೈರ್ಯವಾಗಲಿಲ್ಲ.

ಗೆಳೆಯ ಐಸ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹತ್ತಿರ ಬಂದ. ಅಂಗಿಯ ತೋಳು ಮೇಲೇರಿಸಿ ತನ್ನ ಕೈಯನ್ನು ನನ್ನ ಮುಂದೆ ಚಾಚಿದ.

"ಅವತ್ತ ನಿಂದು ಹಿಡದು ಕಲ್ತೀನಿ. ಇವತ್ತ ನಂದು ಹಿಡಿ. ಒಂದ ಕೈಯಾಗ ಆಕಿದು, ಒಂದ ಕೈಯಾಗ ನಂದು."

ಹಿಡಿದೆ. ಅವನ ಸಂದಿಯಲ್ಲಿ ಹುರಿ ಒಂದು ಸಣ್ಣಗೆ ಉರುಳಿತು. ಅವಳ ಸಂದಿಯಲ್ಲಿ ಅದರ ಎರಡರಷ್ಟು ದಪ್ಪದ್ದು, ಗಟ್ಟಿಯಾದದ್ದು. ಇನ್ನೊಂದು ಮೊಣಕೈಗೆ ಹೋದೆ. ಅಲ್ಲಿಯೂ ಅಷ್ಟೇ. ಎರಡೂ ಸಮನಾಗಿ ದಪ್ಪ ಎಂದು ಗಟ್ಟಿಯಾಗಿ ಹೇಳಿದೆ, ಮೇಡಂ ಬರೆದುಕೊಂಡರು. ಗೆಳೆಯನ ಮೊಣಕೈಯನ್ನು ನಾನು ಬೇಕಾದದ್ದಕ್ಕಿಂತ ಜೋರಾಗಿ ಒತ್ತಿದ್ದೆನೆಂದು ಕಾಣುತ್ತದೆ. ವಾಪಸು ಬರುವಾಗ ಜೀಪಿನಲ್ಲಿ ಅವನು ಕಿರುಬೆರಳು ತಿಕ್ಕಿಕೊಳ್ಳುತ್ತಿದ್ದ.

ಸೂಕ್ಷ್ಮದರ್ಶಕದಲ್ಲಿ ರೋಗಾಣುವಿನ ಕೆಂಪು ಕಡ್ಡಿಗಳು ಗುಂಪು ಗುಂಪಾಗಿ ಕಂಡವು. ಹನ್ನೆರಡು ತಿಂಗಳ ಗುಳಿಗೆ, ನರದ ಊತ ಇಳಿಯಲು ಬೇರೆ ಗುಳಿಗೆ. ಗುಳಿಗೆಯಿಂದ ಅವಳ ಮೈ ಕಪ್ಪಾಯಿತು, ಕಳೆ ಹೋಯಿತಲ್ಲ ಎಂದು ಮುದುಕಿ ಕೊರಗಿದಳು. ಆ ಕಳೆ ಹೋಗುವುದೇ ಗುಣ ಎಂದು ತಿಳಿಸಿ ಹೇಳಲು ನಾನು ತಿಂಗಳಿಗೊಮ್ಮೆ ಕಟ್ಟೆಯ ಮೇಲೆ ಕೂತೆ. ನನ್ನ ನೋಟಿಸು ಬಂತು, ಉತ್ತರ ಬರೆದೆ. ಗೆಳೆಯ ಇನ್ನೊಂದು ಸಭೆಗೆ ಹೋಗಿ ಬಂದ. ಅಲ್ಲಿ ಕುರಿಗಾಹಿಯ ಕಾರ್ಡನ್ನೂ ತೋರಿಸಿದನಂತೆ. ಅದನ್ನು ಅವನು ನನಗೆ ಹೇಳಲಿಲ್ಲ, ಮೇಡಂ ಹೇಳಿದರು. ಹೊಟ್ಟೆಕಿಚ್ಚು ಆವತ್ತೂ ಪೂರ್ತಿ ಹೋಗಲಿಲ್ಲ.

ಕೊನೆಯ ತಿಂಗಳ ಗುಳಿಗೆ ಮುಗಿದ ದಿನ ಹೋದಾಗ ಯಂತ್ರ ಬಾಗಿಲ ಬೆಳಕಿನಲ್ಲೇ ಇತ್ತು. ಅವಳು ಹೊಲಿಗೆ ನಿಲ್ಲಿಸಿ ಎದ್ದು ಬಂದಳು. ಕಿವಿಯಲ್ಲಿ ಬೆಂಡೋಲಿ. ತಿರುಪು ಕೊನೆಯವರೆಗೂ ಹತ್ತಿ ಕೂತದ್ದು ಮೊಪೆಡ್ಡಿನ ಮೇಲಿಂದಲೇ ಕಾಣುತ್ತಿತ್ತು. ಇಳಿದೆ, ಕೈ ತೊಳೆದುಕೊಂಡೆ. ತಿರುಪು ಬಿಚ್ಚಿಸಿ, ಎರಡೂ ಹಾಲೆ ಹಿಡಿದು ನೋಡಿ, ಕಿರುಬೆರಳಿಗೆ ಹತ್ತಿ ಮುಟ್ಟಿಸಿ ಮೂರಕ್ಕೆ ಮೂರು ಸಲ ಹೂಂ ಅನ್ನಿಸಿಕೊಂಡು, ಆಮೇಲೆ ಬರೆದೆ.